ಬಾಟಲಿ ಇದೆ, ಬಿಡುವಿಲ್ಲ

ಬೇಸಿಗೆ ಕಾಲಿಟ್ಟ ಕೂಡಲೇ ಕಾಲೇಜುಗಳ ಸೂಚನಾ ಫಲಕದ ಮೇಲೆ ಒಂದು ಚೀಟಿ ತಪ್ಪದೆ ಕಾಣಿಸಿಕೊಳ್ಳುತ್ತದೆ: ಹೆಚ್ಚು ನೀರು ಕುಡಿಯಿರಿ, ದಿನಕ್ಕೆ ಮೂರು ಲೀಟರ್ ಆದರೂ ಕುಡಿಯಿರಿ. ಆರೋಗ್ಯ ಶಿಬಿರಕ್ಕೆ ಬಂದ ವೈದ್ಯರು ಅದನ್ನೇ ಹೇಳುತ್ತಾರೆ, ಊರಿನಿಂದ ಫೋನ್ ಮಾಡುವ ಅಮ್ಮನೂ ಅದನ್ನೇ ಹೇಳುತ್ತಾಳೆ. ಕೇಳಿಸಿಕೊಳ್ಳುವವರು ತಲೆಯಾಡಿಸುತ್ತಾರೆ. ನೀರು ಬೇಕು ಎಂಬುದು ಗೊತ್ತಿಲ್ಲದ ವಿದ್ಯಾರ್ಥಿ ಯಾರೂ ಇಲ್ಲ. ಬೆಂಗಳೂರಿನ ಉತ್ತರ ಭಾಗದಲ್ಲಿ ಬೆನ್ನಿನ ಚೀಲದ ಪಕ್ಕದ ಜೇಬಿನಲ್ಲಿ ಬಾಟಲಿ ಇಲ್ಲದ ವಿದ್ಯಾರ್ಥಿಯೂ ಅಪರೂಪ. ಯಶವಂತಪುರದ ಬಗಲಿನ ಭಾರತೀಯ ವಿಜ್ಞಾನ ಸಂಸ್ಥೆ, ಮತ್ತಿಕೆರೆಯ ರಾಮಯ್ಯ ಕಾಲೇಜುಗಳಿಂದ ಹಿಡಿದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ, ಯಲಹಂಕದ ನಿಟ್ಟೆ ಮೀನಾಕ್ಷಿ ಮತ್ತು ಬಿಎಂಎಸ್ ತಾಂತ್ರಿಕ ಕಾಲೇಜುಗಳು, ಕಟ್ಟಿಗೇನಹಳ್ಳಿಯ ರೇವಾ, ಹುಣಸಮಾರನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಕಾಲೇಜು, ರಾಜಾನುಕುಂಟೆಯ ಪ್ರೆಸಿಡೆನ್ಸಿಯವರೆಗೆ ಸಾಲುಗಟ್ಟಿ ನಿಂತಿರುವ ಈ ವಿದ್ಯಾಪಟ್ಟಿಯಲ್ಲಿ ನೀರಿನ ವಿಚಾರ ಮಾತನಾಡುವಾಗ ನಾವು ವಿದ್ಯಾರ್ಥಿಯ ಅಭ್ಯಾಸವನ್ನು ಮಾತ್ರ ತಿದ್ದಲು ಹೊರಡುತ್ತೇವೆ. ಅವನ ಅಥವಾ ಅವಳ ದಿನ ಹೇಗೆ ಕಟ್ಟಲ್ಪಟ್ಟಿದೆ ಎಂದು ನೋಡುವುದಿಲ್ಲ. ವಿದ್ಯಾರ್ಥಿಗಳು ಕಡಿಮೆ ನೀರು ಕುಡಿಯುವುದಕ್ಕೆ ಅಜ್ಞಾನಕ್ಕಿಂತ, ಉದಾಸೀನಕ್ಕಿಂತ, ವೇಳಾಪಟ್ಟಿ, ನಲ್ಲಿ ಮತ್ತು ಶೌಚಾಲಯ ಈ ಮೂರೇ ದೊಡ್ಡ ಕಾರಣ ಎಂಬುದು ನನ್ನ ವಾದ. ಸಿಗುವ ಸಾಕ್ಷ್ಯವನ್ನು ಒಂದೊಂದಾಗಿ ಮುಂದಿಟ್ಟು ನೋಡಿದರೆ ಬೇರೆ ತೀರ್ಮಾನಕ್ಕೆ ಬರುವುದು ಕಷ್ಟ.

ಮೊದಲು ಎಷ್ಟು ನೀರು ಬೇಕು ಎಂಬ ಲೆಕ್ಕ. ಮೂರು ಲೀಟರ್, ಎಂಟು ಲೋಟ ಎಂಬ ಮಾತುಗಳಿಗೆ ಮೂಲ ಹುಡುಕಿದವರು 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ ಕೊಟ್ಟ ಸಲಹೆಯತ್ತ ಬೊಟ್ಟು ಮಾಡುತ್ತಾರೆ. ವಯಸ್ಕರಿಗೆ ದಿನಕ್ಕೆ ಎರಡೂವರೆ ಲೀಟರ್ ಬೇಕು ಎಂದು ಹೇಳಿದ ಮಂಡಳಿ, ಅದರಲ್ಲಿ ಬಹುಪಾಲು ಬೇಯಿಸಿದ ಆಹಾರದಲ್ಲೇ ಇರುತ್ತದೆ ಎಂದೂ ಹೇಳಿತ್ತು. ಜನ ಮೊದಲ ಮಾತನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟರು. 2002ರಲ್ಲಿ ಮೂತ್ರಪಿಂಡ ತಜ್ಞ ಹೈಂಜ್ ವಾಲ್ಟಿನ್ ಈ ಇಡೀ ವಿಷಯವನ್ನು ಜಾಲಾಡಿ, ಆರೋಗ್ಯವಂತರೆಲ್ಲರೂ ಎಂಟು ಲೋಟ ಕುಡಿಯಲೇಬೇಕು ಎನ್ನುವುದಕ್ಕೆ ವೈಜ್ಞಾನಿಕ ಆಧಾರ ಸಿಗಲಿಲ್ಲ ಎಂದು ಬರೆದರು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಹೆಂಗಸರಿಗೆ 2 ಲೀಟರ್, ಗಂಡಸರಿಗೆ 2.5 ಲೀಟರ್ ಎಂದಿತು. ಊಟದಲ್ಲಿರುವ ನೀರೂ ಅದರೊಳಗೇ ಸೇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗದರ್ಶಿ ಸಾಮಾನ್ಯ ಆರೋಗ್ಯವಂತರಿಗೆ ಸುಮಾರು 2 ಲೀಟರ್ ಎನ್ನುತ್ತದೆ, ಬಿಸಿಲು ಮತ್ತು ಮೈದುಡಿಮೆ ಇದ್ದರೆ ಇನ್ನೂ ಹೆಚ್ಚು. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, 23 ದೇಶಗಳ 5,604 ಜನರ ದೇಹದ ನೀರಿನ ಚಲಾವಣೆಯನ್ನು ಅಳೆದ ಅಧ್ಯಯನ ಈ ಗೊಂದಲಕ್ಕೆ ಸಾಕಷ್ಟು ತೆರೆ ಎಳೆಯಿತು. ಇಪ್ಪತ್ತರ ಹರೆಯದ ಗಂಡಸಿನ ಮೈಯಲ್ಲಿ ದಿನಕ್ಕೆ ಸುಮಾರು 4.2 ಲೀಟರ್, ಹೆಣ್ಣಿನಲ್ಲಿ ಸುಮಾರು 3.3 ಲೀಟರ್ ನೀರು ಬಂದು ಹೋಗುತ್ತದೆ. ಅಷ್ಟನ್ನೂ ಕುಡಿಯಬೇಕಿಲ್ಲ, ಊಟ, ದೇಹವೇ ತಯಾರಿಸುವ ನೀರು ಎಲ್ಲವನ್ನೂ ಕಳೆದರೆ ಕುಡಿಯಬೇಕಾದದ್ದು ಸರಾಸರಿ ಒಂದೂಕಾಲರಿಂದ ಒಂದೂಮುಕ್ಕಾಲು ಲೀಟರಿನ ಆಸುಪಾಸು. ಬಿಸಿಲೇರಿದರೆ ಅದು ಏರುತ್ತದೆ. ಸೂಚನಾ ಫಲಕದ ಮೂರು ಲೀಟರ್ ಬಹುತೇಕ ವಿದ್ಯಾರ್ಥಿಗಳಿಗೆ ಬಹುತೇಕ ದಿನಗಳಲ್ಲಿ ಬೇಕಿಲ್ಲ. ಗುರಿ ಇಷ್ಟು ಸಾಧಾರಣವಾಗಿರುವಾಗಲೂ ಅದು ತಲುಪದೆ ಹೋಗುತ್ತದೆ ಎಂದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಕಡಿಮೆ ಕುಡಿದರೆ ಓದಿಗೆ ಪೆಟ್ಟು ಬೀಳುತ್ತದೆಯೇ? ಇಲ್ಲಿ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಹಾಕಿಕೊಂಡು ಹೇಳಬೇಕು. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದವರು 2011 ಮತ್ತು 2012ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳು ನಮ್ಮ ವಿದ್ಯಾರ್ಥಿಗಳ ವಯಸ್ಸಿನವರ ಮೇಲೇ ನಡೆದವು. ತೂಕದ ಒಂದೂವರೆ ಶೇಕಡದಷ್ಟು ನೀರು ಕಳೆದುಕೊಂಡ ಯುವಕರಲ್ಲಿ ನಿಗಾ ಮತ್ತು ತತ್‌ಕ್ಷಣದ ನೆನಪು ಸ್ವಲ್ಪ ಕುಗ್ಗಿತು, ದಣಿವು ಮತ್ತು ಆತಂಕ ಹೆಚ್ಚಿದವು. ಯುವತಿಯರಲ್ಲಿ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ, ಆದರೆ ತಲೆನೋವು ಬಂತು, ಮನಸ್ಸು ಮಂಕಾಯಿತು, ಅದೇ ಕೆಲಸ ಕಷ್ಟವೆನ್ನಿಸಿತು, ಗಮನ ನಿಲ್ಲಿಸುವುದು ದುಸ್ತರವಾಯಿತು. ಅರವತ್ತು ಕಿಲೋ ತೂಗುವ ಹುಡುಗಿಗೆ ಒಂದೂವರೆ ಶೇಕಡ ಎಂದರೆ ಒಂದು ಲೀಟರಿಗಿಂತ ತುಸು ಕಡಿಮೆ. ಬೆಳಗಿನಿಂದ ಸಂಜೆಯವರೆಗೆ ಕುಡಿಯದೆ ಉಳಿದರೆ ಅಲ್ಲಿಗೆ ತಲುಪುವುದು ದೊಡ್ಡ ಸಂಗತಿಯಲ್ಲ. ಈಸ್ಟ್ ಲಂಡನ್ ವಿಶ್ವವಿದ್ಯಾಲಯದವರು 2012ರಲ್ಲಿ ಮುಂದಿಟ್ಟ, 447 ವಿದ್ಯಾರ್ಥಿಗಳನ್ನು ಗಮನಿಸಿದ ವರದಿಯೊಂದು ಪರೀಕ್ಷಾ ಕೊಠಡಿಗೆ ನೀರು ತಂದವರು ಹೆಚ್ಚು ಅಂಕ ಗಳಿಸಿದರು ಎಂದಿತು. ಅದನ್ನು ಪತ್ರಿಕೆಗಳು ಎತ್ತಿ ಆಡಿಸಿದವು. ನನಗೆ ಅದು ದುರ್ಬಲ ಸಾಕ್ಷ್ಯವಾಗಿ ಕಾಣುತ್ತದೆ, ಏಕೆಂದರೆ ಪರೀಕ್ಷೆಗೆ ಬಾಟಲಿ ನೆನಪಿಟ್ಟುಕೊಂಡು ತರುವ ವಿದ್ಯಾರ್ಥಿ ಉಳಿದ ತಯಾರಿಯಲ್ಲೂ ಹಾಗೆಯೇ ಇರುತ್ತಾನೆ. ನೀರು ಕುಡಿದರೆ ರ‍್ಯಾಂಕ್ ಬರುತ್ತದೆ ಎಂದು ಯಾರೂ ಹೇಳಬಾರದು. ಕುಡಿಯದಿದ್ದರೆ ಮಧ್ಯಾಹ್ನದ ಮೇಲಿನ ಪಾಠ ಕಿವಿಗೆ ಬಿದ್ದರೂ ತಲೆಗೆ ಹತ್ತುವುದಿಲ್ಲ ಎಂದಷ್ಟೇ ಹೇಳಬಹುದು, ಅಷ್ಟು ಹೇಳುವುದು ಸಾಕು.

ದೀರ್ಘಕಾಲದ ತೊಂದರೆಗಳ ವಿಷಯದಲ್ಲಿ ಸಾಕ್ಷ್ಯ ಇದಕ್ಕಿಂತ ಗಟ್ಟಿ. ಇಟಲಿಯಲ್ಲಿ ಒಮ್ಮೆ ಮೂತ್ರಪಿಂಡದ ಕಲ್ಲು ಕಾಣಿಸಿಕೊಂಡಿದ್ದ 199 ಜನರನ್ನು ಐದು ವರ್ಷ ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ನೀರು ಕುಡಿದವರ ಪೈಕಿ ಶೇಕಡ 12ರಷ್ಟು ಮಂದಿಗೆ ಮಾತ್ರ ಕಲ್ಲು ಮರಳಿತು, ಉಳಿದವರಲ್ಲಿ ಶೇಕಡ 27ರಷ್ಟು ಮಂದಿಗೆ. ಪದೇ ಪದೇ ಉರಿಮೂತ್ರದಿಂದ ನರಳುತ್ತಿದ್ದ, ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ 140 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಇನ್ನೂ ಒಂದೂವರೆ ಲೀಟರ್ ಕುಡಿಸಿದಾಗ ವರ್ಷದಲ್ಲಿ ಸೋಂಕು ಮರುಕಳಿಸುವ ಸರಾಸರಿ ಅವರಲ್ಲಿ 1.7, ಉಳಿದರ್ಧದವರಲ್ಲಿ 3.2 ಆಗಿತ್ತು ಎಂದು 2018ರ ಪ್ರಯೋಗವೊಂದು ತೋರಿಸಿತು. ಈ ಎರಡನೆಯದು ಕಾಲೇಜಿನ ಹೆಣ್ಣುಮಕ್ಕಳಿಗೆ ನೇರವಾಗಿ ಸಂಬಂಧಿಸಿದ್ದು, ಅದರ ವಿಚಾರ ಮುಂದೆ ಬರುತ್ತದೆ.

ಬೆಂಗಳೂರಿನ ಹವೆ ಈ ವಿಷಯದಲ್ಲಿ ಮೋಸ ಮಾಡುತ್ತದೆ. ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಎತ್ತರದ ಈ ದಿಣ್ಣೆಯಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮಧ್ಯಾಹ್ನದ ಗಾಳಿ ಒಣಗಿರುತ್ತದೆ, ಬೆವರು ಮೈಮೇಲೆ ನಿಲ್ಲದೆ ಆರಿಹೋಗುತ್ತದೆ. ಮಂಗಳೂರಿನಿಂದ ಬಂದ ವಿದ್ಯಾರ್ಥಿಗೆ ಇಲ್ಲಿ ಬೆವರೇ ಇಲ್ಲ ಅನ್ನಿಸುತ್ತದೆ, ಹಾಗಾಗಿ ನೀರಿನ ನೆನಪೂ ಆಗುವುದಿಲ್ಲ. 2016ರ ಏಪ್ರಿಲ್‌ನಲ್ಲಿ ನಗರದ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. 2024ರ ಏಪ್ರಿಲ್ ಕೊನೆಯಲ್ಲಿ 38.5 ಡಿಗ್ರಿ. ಇಂಥ ದಿನ ಜಿಕೆವಿಕೆಯ ತಾಕಿನಲ್ಲಿ ಮಧ್ಯಾಹ್ನದವರೆಗೆ ನಿಲ್ಲುವ ಕೃಷಿ ಪದವಿ ವಿದ್ಯಾರ್ಥಿಯ ಅಗತ್ಯವೂ, ಹವಾನಿಯಂತ್ರಿತ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತ ಎಂಜಿನಿಯರಿಂಗ್ ವಿದ್ಯಾರ್ಥಿಯ ಅಗತ್ಯವೂ ಒಂದೇ ಅಲ್ಲ. ಆದರೆ ಎರಡನೆಯವನಿಗೆ ಬೇರೆ ತೊಡಕಿದೆ: ಲ್ಯಾಬಿನೊಳಗೆ ಬಾಟಲಿ ಒಯ್ಯುವಂತಿಲ್ಲ, ಬ್ಯಾಗ್ ಹೊರಗಿನ ರ‍್ಯಾಕಿನಲ್ಲಿ, ಲ್ಯಾಬ್ ಎರಡು ಮೂರು ಗಂಟೆ. ಯಂತ್ರಗಳ ಮೇಲೆ ನೀರು ಚೆಲ್ಲಬಾರದು ಎಂಬ ನಿಯಮ ಸರಿಯಾದದ್ದೇ. ಮಧ್ಯೆ ಐದು ನಿಮಿಷ ಹೊರಗೆ ಬಿಡುವ ನಿಯಮವೂ ಅದರ ಜೊತೆಗೇ ಬರಬೇಕಿತ್ತು. ವಿದ್ಯಾರ್ಥಿಗಳ ನೀರಿನ ಅಭ್ಯಾಸದ ಬಗ್ಗೆ ನಡೆಯುವ ಸಮೀಕ್ಷೆಗಳು ಸಾಮಾನ್ಯವಾಗಿ ದಿನಕ್ಕೆ ಎಷ್ಟು ಲೋಟ ಎಂದು ಕೇಳಿ ಮುಗಿಸುತ್ತವೆ. ಒಬ್ಬರ ಲೋಟ 150 ಮಿಲಿಲೀಟರ್, ಇನ್ನೊಬ್ಬರದು 300. ಯಾವ ಹೊತ್ತಿನಲ್ಲಿ ಕುಡಿದರು, ಯಾವ ಹೊತ್ತಿನಲ್ಲಿ ಬೇಕೆನಿಸಿದರೂ ಕುಡಿಯಲಿಲ್ಲ ಎಂದು ಕೇಳಿದ್ದರೆ ಉತ್ತರ ಬೇರೆಯೇ ಚಿತ್ರ ಬಿಡಿಸುತ್ತಿತ್ತು.

ಆ ಚಿತ್ರ ಹೇಗಿರುತ್ತದೆ ಎಂಬುದನ್ನು ಒಂದು ಕಾರಿಡಾರಿನ ಲೆಕ್ಕದಲ್ಲೇ ನೋಡಬಹುದು. ಅಂತಸ್ತಿಗೆ ನಾಲ್ಕು ತರಗತಿ, ತರಗತಿಗೆ ಅರವತ್ತು ಮಂದಿ ಎಂದಿಟ್ಟುಕೊಳ್ಳಿ. ಕಾರಿಡಾರಿನ ಕೊನೆಯಲ್ಲಿ ಶೌಚಾಲಯದ ಗೋಡೆಗೆ ಒರಗಿದಂತೆ ಒಂದು ಸ್ಟೀಲ್ ವಾಟರ್ ಕೂಲರ್, ಅದಕ್ಕೆ ಎರಡು ನಲ್ಲಿ. ಒತ್ತಿ ಹಿಡಿದರೆ ಮಾತ್ರ ನೀರು ಬರುವ ಬಗೆಯದು, ಬಿಟ್ಟರೆ ನಿಲ್ಲುತ್ತದೆ. ಕೆಳಗಿನ ತಟ್ಟೆ ಆಳವಿಲ್ಲದ್ದರಿಂದ ಲೀಟರ್ ಬಾಟಲಿ ನೆಟ್ಟಗೆ ನಿಲ್ಲದು. ವಾರೆಯಾಗಿ ಹಿಡಿಯಬೇಕು, ಮುಕ್ಕಾಲು ತುಂಬುತ್ತಲೇ ಚೆಲ್ಲುತ್ತದೆ. ನಿಮಿಷಕ್ಕೆ ಎರಡರಿಂದ ಮೂರು ಲೀಟರ್ ಸುರಿಯುವ ನಲ್ಲಿಯಲ್ಲಿ ಒಬ್ಬರು ತುಂಬಿಸಿ, ಮುಚ್ಚಳ ಹಾಕಿ, ಇನ್ನೊಬ್ಬರು ಮುಂದೆ ಬರಲು ಏನಿಲ್ಲವೆಂದರೂ ಅರ್ಧ ನಿಮಿಷ. ಹತ್ತು ನಿಮಿಷದ ಬಿಡುವಿನಲ್ಲಿ ಒಂದು ನಲ್ಲಿಗೆ ಇಪ್ಪತ್ತು ಬಾಟಲಿ, ಎರಡಕ್ಕೆ ನಲವತ್ತು. ಅಂತಸ್ತಿನಲ್ಲಿರುವವರು 240. ಪ್ರತಿ ಆರು ಮಂದಿಯಲ್ಲಿ ಐವರಿಗೆ ಆ ಬಿಡುವಿನಲ್ಲಿ ನೀರು ಸಿಗುವುದೇ ಇಲ್ಲ, ಎಲ್ಲರೂ ಎಷ್ಟೇ ಶಿಸ್ತಿನವರಾಗಿದ್ದರೂ. ಒಂದು ನಲ್ಲಿ ಕೆಟ್ಟರೆ, ಫಿಲ್ಟರ್ ಬದಲಿಸಲು ಬಂದವರು ಕೂಲರ್ ಬಂದ್ ಮಾಡಿದರೆ, ಬೇರೆ ಲೆಕ್ಕವೇ ಬೇಡ. ಇದು ಗುಣಾಕಾರ, ಮನಸ್ಸಿನ ದೃಢತೆಯಿಂದ ಬದಲಾಗುವಂಥದ್ದಲ್ಲ. ಕಟ್ಟಡಗಳ ರಾಷ್ಟ್ರೀಯ ಸಂಹಿತೆ ಐವತ್ತು ಮಂದಿಗೊಂದು ಕುಡಿಯುವ ನೀರಿನ ನಲ್ಲಿ ಬೇಕೆನ್ನುತ್ತದೆ. ಅದನ್ನು ಪಾಲಿಸಿದರೂ ಇಂಥ ಅಂತಸ್ತಿಗೆ ಐದು ನಲ್ಲಿ, ನೂರು ಬಾಟಲಿ. ಅರ್ಧಕ್ಕಿಂತ ಕಡಿಮೆ. ನಿಯಮ ಬರೆದವರು ದಿನವಿಡೀ ಬಿಡಿಬಿಡಿಯಾಗಿ ಬಂದು ಕುಡಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಿರಬೇಕು. ನಮ್ಮ ಕಾಲೇಜುಗಳಲ್ಲಿ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಗಂಟೆ ಬಡಿಯುತ್ತದೆ.

ಶೌಚಾಲಯದ ಲೆಕ್ಕ ಇದಕ್ಕಿಂತ ಕಠಿಣ, ಅದನ್ನು ಹೇಳಲು ಮುಜುಗರಪಡುವ ನಮ್ಮ ಸ್ವಭಾವದಿಂದ ಇನ್ನಷ್ಟು ಕಠಿಣವಾಗಿದೆ. ಅದೇ ಸಂಹಿತೆಯ ಪ್ರಕಾರ ಇಪ್ಪತ್ತೈದು ವಿದ್ಯಾರ್ಥಿನಿಯರಿಗೆ ಒಂದು ಶೌಚಾಲಯ. ಒಬ್ಬರಿಗೆ ಎರಡು ನಿಮಿಷ ಹಿಡಿದರೆ ಹತ್ತು ನಿಮಿಷದ ಬಿಡುವಿನಲ್ಲಿ ಐವರು. ಚಿಲಕ ಸರಿಯಿಲ್ಲದ್ದು, ನೀರು ಬಾರದ್ದು, ತೊಳೆಯದ್ದು ಇವನ್ನು ಕಳೆದರೆ ಉಳಿಯುವುದು ಇನ್ನೂ ಕಡಿಮೆ. ಮುಟ್ಟಿನ ದಿನಗಳಲ್ಲಿ ಎರಡು ನಿಮಿಷ ಸಾಲುವುದಿಲ್ಲ. ಇದಕ್ಕೆ ಹೆಣ್ಣುಮಕ್ಕಳು ಕಂಡುಕೊಂಡಿರುವ ಉಪಾಯ ಎಲ್ಲರಿಗೂ ಗೊತ್ತಿರುವುದೇ: ಕುಡಿಯದಿರುವುದು. ಅವರ ಕೈಯಲ್ಲಿರುವ ಬಾಟಲಿ ಖಾಲಿಯಾಗದೆ ಮನೆಗೆ ಮರಳುವುದು ಮರೆವಿನಿಂದಲ್ಲ, ಲೆಕ್ಕಾಚಾರದಿಂದ. ಯಶವಂತಪುರ ಅಥವಾ ಆರ್.ಟಿ. ನಗರದಿಂದ ಬಳ್ಳಾರಿ ರಸ್ತೆ ಹಿಡಿದು ಯಲಹಂಕದಾಚೆಗೆ ಹೋಗಬೇಕಾದವಳಿಗೆ ಈ ಲೆಕ್ಕ ಬೆಳಗಿನ ಕಾಫಿಯಲ್ಲೇ ಶುರುವಾಗುತ್ತದೆ. ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆಂದು ಹೇಳಲಾಗದು, ದಾರಿಯಲ್ಲಿ ಇಳಿದು ಹೋಗಬಹುದಾದ ಶೌಚಾಲಯವೂ ಇಲ್ಲ. ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯ ವಿದ್ಯಾ ವೇಣುಗೋಪಾಲ್ ಮತ್ತು ಸಂಗಡಿಗರು ತಮಿಳುನಾಡಿನ ಬಿಸಿಯ ಕೆಲಸದ ತಾಣಗಳ ಹೆಣ್ಣಾಳುಗಳ ನಡುವೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಕೊಂಡಿಯನ್ನು ತೋರಿಸಿದೆ: ಶೌಚಾಲಯದ ಕೊರತೆ, ಸೆಕೆ, ಮೂತ್ರಸಂಬಂಧಿ ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಇಟ್ಟಿಗೆ ಗೂಡಿಗೂ ಎಂಜಿನಿಯರಿಂಗ್ ಕಾಲೇಜಿಗೂ ಸೌಕರ್ಯದಲ್ಲಿ ಅಜಗಜಾಂತರವಿದೆ, ಒಪ್ಪೋಣ. ಆದರೆ ಹೋಗಲು ಜಾಗ ಖಾತ್ರಿಯಿಲ್ಲದ ಕಡೆ ಹೆಣ್ಣು ನೀರು ಕುಡಿಯುವುದನ್ನು ಬಿಡುತ್ತಾಳೆ ಎಂಬ ತತ್ವ ಎರಡೂ ಕಡೆ ಒಂದೇ. ಅಂಥವಳಿಗೆ ಮೂರು ಲೀಟರ್ ಕುಡಿ ಎಂದು ಹೇಳುವ ಚೀಟಿ ಅಂಟಿಸುವುದಕ್ಕೆ ಮೊದಲು ಅದೇ ಅಂತಸ್ತಿನ ಶೌಚಾಲಯದ ಚಿಲಕ ಸರಿಪಡಿಸಬೇಕು.

ನಲ್ಲಿಯ ನೀರು ನಂಬಬಹುದೇ ಎಂಬ ಅನುಮಾನವೂ ಸಣ್ಣದಲ್ಲ. ವಿಚಿತ್ರವೆಂದರೆ ಬೆಂಗಳೂರಿಗೆ ಕೊಳವೆಯ ನೀರು ಮೊದಲು ಬಂದದ್ದು ಈ ಉತ್ತರ ದಿಕ್ಕಿನಿಂದಲೇ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟಿದ ಕೆರೆಯಿಂದ, ಸೋಲದೇವನಹಳ್ಳಿಯ ಪಂಪುಗಳ ಮೂಲಕ 1896ರಲ್ಲಿ ನಗರಕ್ಕೆ ನೀರು ಹರಿಯಿತು. ಆ ಕೆರೆ ಸೊರಗಿದ ಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಿಂದ ಕಾವೇರಿ. ಈಗ ಸೋಲದೇವನಹಳ್ಳಿಯಲ್ಲೂ ಕಾಲೇಜುಗಳಿವೆ, ಯಲಹಂಕದ ಸುತ್ತಲೂ ಇವೆ, ಆದರೆ ಈ ಭಾಗದ ಬಹಳಷ್ಟು ಕಡೆ ವರ್ಷಗಟ್ಟಲೆ ಆಸರೆಯಾಗಿದ್ದು ಕೊಳವೆಬಾವಿ ಮತ್ತು ಟ್ಯಾಂಕರ್. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಸುಮಾರು ಐನೂರು ಮೀಟರ್ ಮೇಲೆತ್ತಿ ತರುವ ನೀರದು. ಕೊಳವೆಬಾವಿಯ ನೀರು ಗಡಸು, ಬಕೆಟ್ಟಿನಲ್ಲಿ ಬಿಳಿ ಪದರು ಕಟ್ಟುತ್ತದೆ, ಬಾಯಿಗೆ ಸಪ್ಪೆಯೋ ಉಪ್ಪೋ ಅನ್ನಿಸುತ್ತದೆ. ರುಚಿ ಹಿಡಿಸದಿದ್ದರೆ ವಿದ್ಯಾರ್ಥಿ ಕಡಿಮೆ ಕುಡಿಯುತ್ತಾನೆ. ಇದನ್ನು ಚಪಲ ಎನ್ನಬಾರದು. ಭಾರತೀಯ ಮಾನಕ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಮೀರದಿರಲಿ ಎನ್ನುತ್ತದೆ, ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ಸಹಿಸಬಹುದು ಎನ್ನುತ್ತದೆ. ಈ ಎರಡರ ನಡುವೆ ತನ್ನ ಕೂಲರಿನ ನೀರು ಎಲ್ಲಿ ನಿಂತಿದೆಯೆಂದು ವಿದ್ಯಾರ್ಥಿಗೆ ತಿಳಿಯುವ ದಾರಿ ಇರಬೇಕು. ಪರೀಕ್ಷಾ ವರದಿಯನ್ನು ಪ್ರಾಂಶುಪಾಲರ ಕಡತದಿಂದ ತೆಗೆದು ಕೂಲರಿನ ಪಕ್ಕದಲ್ಲಿ ಅಂಟಿಸಲು ಖರ್ಚೇನೂ ಬರುವುದಿಲ್ಲ. ಭಯ ನಿರಾಧಾರವೂ ಅಲ್ಲ: 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ಹಾಸ್ಟೆಲಿನ ನಲವತ್ತಕ್ಕೂ ಹೆಚ್ಚು ವಿದ್ಯಾರ್ಥಿನಿಯರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದರು. ವೈದ್ಯರಾಗಲಿರುವವರಿಗೇ ಹೀಗಾದರೆ ಉಳಿದವರು ನಲ್ಲಿಯ ನೀರನ್ನು ಅನುಮಾನದಿಂದ ನೋಡುವುದು ಸಹಜ.

ನಂಬಿಕೆಯಿಲ್ಲದ ಕಡೆ ದುಡ್ಡು ಕೆಲಸ ಮಾಡುತ್ತದೆ, ದುಡ್ಡಿಲ್ಲದ ಕಡೆ ಬಾಯಾರಿಕೆ. ಪಿಜಿಯಲ್ಲಿರುವ ವಿದ್ಯಾರ್ಥಿ ಅಂಗಡಿಯಿಂದ ದಿನಕ್ಕೆ ಎರಡು ಲೀಟರ್ ಬಾಟಲಿ ನೀರು ಕೊಂಡರೆ ಲೀಟರಿಗೆ 20 ರೂಪಾಯಿ ಇದ್ದಾಗ ತಿಂಗಳಿಗೆ 1,200 ರೂಪಾಯಿ ಆಗುತ್ತಿತ್ತು. ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯಕ್ಕೆ 20 ಲೀಟರ್ ಕ್ಯಾನ್ ತುಂಬುತ್ತಿದ್ದ ದರದಲ್ಲಿ ಅದೇ ನೀರು 15 ರೂಪಾಯಿಗೆ ಸಿಗುತ್ತಿತ್ತು. ಎಂಬತ್ತು ಪಟ್ಟು ಅಂತರ. ಆದರೆ ಘಟಕಕ್ಕೆ ಹೋಗಿ 20 ಕಿಲೋ ತೂಕದ ಕ್ಯಾನನ್ನು ಮೂರನೇ ಮಹಡಿಗೆ ಹೊರಬೇಕು. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿದಾಗ ಈ ಘಟಕಗಳ ಮುಂದೆ ಸಾಲು ಬೆಳೆದದ್ದು, ಕೆಲವು ಕಡೆ ಒಬ್ಬರಿಗೆ ಒಂದೇ ಕ್ಯಾನ್ ಎಂದದ್ದು ನಗರ ಮರೆತಿರಲಾರದು. ಆ ತಿಂಗಳು ಕಾರು ತೊಳೆಯಲು, ತೋಟಕ್ಕೆ ಹಾಕಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು; ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 1,000 ರೂಪಾಯಿ ಎಂದು ದರ ಕಟ್ಟಿತು.

ಇಷ್ಟಕ್ಕೆ ಬರುವ ಮೊದಲ ಆಕ್ಷೇಪ ನೇರವಾದದ್ದು. ಇವರು ಮಕ್ಕಳಲ್ಲ, ಮತದಾನದ ಹಕ್ಕಿರುವವರು. ಫೋನ್ ಚಾರ್ಜ್ ಮಾಡಲು ನೆನಪಿರುವವರಿಗೆ ಬಾಟಲಿ ತುಂಬಿಸಲು ನೆನಪಿಲ್ಲವೇ? ಈ ಮಾತಿನಲ್ಲಿ ಸತ್ಯವಿದೆ. ರಾತ್ರಿ ಎರಡರವರೆಗೆ ಎಚ್ಚರವಿದ್ದು, ತಿಂಡಿ ಬಿಟ್ಟು, ಬೆಳಗಿನ ಮೊದಲ ಪೀರಿಯಡ್‌ಗೆ ಓಡಿಬರುವವರು ಇದ್ದಾರೆ, ಅವರ ಬಾಯಾರಿಕೆಗೆ ಕಾಲೇಜು ಹೊಣೆಯಲ್ಲ. ಆದರೆ ಫೋನಿನ ಉದಾಹರಣೆಯೇ ನನ್ನ ವಾದಕ್ಕೆ ಒದಗುತ್ತದೆ. ಚಾರ್ಜ್ ಮಾಡುವ ಪ್ಲಗ್ ಪ್ರತಿ ಗ್ರಂಥಾಲಯದ ಮೇಜಿನಲ್ಲೂ, ಪ್ರತಿ ಕ್ಯಾಂಟೀನಿನ ಗೋಡೆಯಲ್ಲೂ ಬಂದಿದೆ. ಬೇಡಿಕೆ ಕಂಡು ಸಂಸ್ಥೆಗಳು ಒದಗಿಸಿದವು. ನೀರಿನ ನಲ್ಲಿಗೂ ಹಾಗೆ ನಡೆದುಕೊಂಡ ಮೇಲೆ ಹೊಣೆಗಾರಿಕೆಯ ಮಾತನ್ನು ಹೇಳಿದರೆ ಅದಕ್ಕೆ ತೂಕವಿರುತ್ತದೆ. ಶಾಲೆಗಳ ಮಟ್ಟಿಗೆ ಸರ್ಕಾರ ಇದನ್ನು ಒಪ್ಪಿಕೊಂಡದ್ದು ಗಮನಾರ್ಹ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಸುದ್ದಿಯಾದ ‘ವಾಟರ್ ಬೆಲ್’ ಪದ್ಧತಿಯನ್ನು ಅದೇ ವರ್ಷ ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಕರ್ನಾಟಕದ ಶಾಲೆಗಳಿಗೂ ತರಲು ಹೊರಟರು: ಗಂಟೆ ಹೊಡೆದಾಗ ಎಲ್ಲರೂ ನೀರು ಕುಡಿಯುವುದು. ಹದಿನೈದರ ಹುಡುಗನಿಗೆ ಬಿಡುವು ಬೇಕು, ಹತ್ತೊಂಬತ್ತರವನಿಗೆ ಬೇಡ ಎನ್ನಲು ದೇಹಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ನೀಟ್ ಪರೀಕ್ಷೆಯೇ ಪಾರದರ್ಶಕ ಬಾಟಲಿಗೆ ಅನುಮತಿ ಕೊಟ್ಟಿರುವಾಗ ಸಾಧಾರಣ ಪಾಠದ ನಡುವೆ ಒಂದು ಗುಟುಕು ಕುಡಿದವನನ್ನು ಎಬ್ಬಿಸಿ ನಿಲ್ಲಿಸುವ ಅಧ್ಯಾಪಕರು ತಮ್ಮ ನಿಯಮವನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು.

ಎರಡನೆಯ ಆಕ್ಷೇಪ ಬಲ್ಲವರಿಂದ ಬರುವಂಥದ್ದು: ಬಾಯಾರಿಕೆ ಎಂಬ ಗಡಿಯಾರ ದೇಹದಲ್ಲೇ ಇದೆ, ರಕ್ತದ ಸಾಂದ್ರತೆ ಒಂದೆರಡು ಶೇಕಡ ಏರಿದರೆ ಅದು ಬಡಿಯುತ್ತದೆ, ಎಳೆಯ ಮೂತ್ರಪಿಂಡಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ, ನೀರಿನ ಗುಲ್ಲು ಬಾಟಲಿ ಮಾರುವವರದು. ಇದನ್ನು ನಾನು ಬಹುಪಾಲು ಒಪ್ಪುತ್ತೇನೆ. ಹೆಚ್ಚು ಕುಡಿಯುವುದೇ ಒಳ್ಳೆಯದು ಎಂಬ ನಂಬಿಕೆ ಅಪಾಯಕಾರಿಯೂ ಹೌದು: 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡ 13ರಷ್ಟು ಮಂದಿಯಲ್ಲಿ ಸೋಡಿಯಂ ಇಳಿದಿತ್ತು, ಅತಿಯಾಗಿ ಕುಡಿದದ್ದು ಅದಕ್ಕೆ ಮುಖ್ಯ ಕಾರಣ. ಹಾಸ್ಟೆಲ್ ಜಿಮ್‌ಗಳಲ್ಲಿ ಗ್ಯಾಲನ್ ಬಾಟಲಿ ಹಿಡಿದು ಪಂದ್ಯ ಕಟ್ಟಿ ಕುಡಿಯುವವರಿಗೆ ಇದನ್ನು ಹೇಳಲೇಬೇಕು. ಆದರೆ ಬಾಯಾರಿಕೆಯ ಗಡಿಯಾರ ಕೆಲಸ ಮಾಡಬೇಕಾದರೆ ಅದು ಬಡಿದಾಗ ಕೈಗೆ ನೀರು ಸಿಗಬೇಕು, ಕುಡಿದ ನಂತರ ಹೋಗಲು ಜಾಗವಿರಬೇಕು. ಬಾಯಾರಿಕೆಯನ್ನು ಗೊತ್ತಿದ್ದೂ ಹತ್ತಿಕ್ಕುವವರಿಗೆ ದೇಹದ ವಿವೇಕದ ಮೇಲೆ ಭರವಸೆಯಿಡಿ ಎಂದು ಹೇಳಿ ಏನು ಪ್ರಯೋಜನ? ಬಾಯಾರಿಕೆಯನ್ನು ನಂಬಬಹುದು ಎನ್ನುವ ವಿಜ್ಞಾನವೇ ಅದಕ್ಕೆ ಅಡ್ಡ ಬರುವ ಕಾರಿಡಾರನ್ನು ಸರಿಪಡಿಸಿ ಎಂದೂ ಹೇಳಿದಂತಾಯಿತು.

ನೀರೇ ಇಲ್ಲದ ಊರಿನಲ್ಲಿ ಹೆಚ್ಚು ಕುಡಿಯಿರಿ ಎನ್ನುವುದು ಸರಿಯೇ ಎಂದು ಕೇಳುವವರಿಗೆ ಅಂಕಿಗಳೇ ಉತ್ತರ. ಭಾರತೀಯ ಮಾನಕದಂತೆ ಹಗಲು ಬಂದುಹೋಗುವ ವಿದ್ಯಾರ್ಥಿಗೆ 45 ಲೀಟರ್, ಹಾಸ್ಟೆಲಿನವರಿಗೆ 135 ಲೀಟರ್ ಒದಗಿಸಬೇಕು. ಹತ್ತು ಸಾವಿರ ಮಂದಿ ಬಂದುಹೋಗುವ ಕ್ಯಾಂಪಸ್ಸಿಗೆ ದಿನಕ್ಕೆ ನಾಲ್ಕೂವರೆ ಲಕ್ಷ ಲೀಟರ್. ಎಲ್ಲರೂ ಕಾಲೇಜಿನಲ್ಲೇ ಎರಡು ಲೀಟರ್ ಕುಡಿದರೂ 20,000 ಲೀಟರ್, ಅಂದರೆ ಇಪ್ಪತ್ತರಲ್ಲಿ ಒಂದು ಪಾಲೂ ಅಲ್ಲ. ಹುಲ್ಲುಹಾಸಿಗೆ, ಸೋರುವ ಫ್ಲಶ್ ಟ್ಯಾಂಕಿಗೆ ಹೋಗುವುದು ಇದಕ್ಕಿಂತ ಹೆಚ್ಚು. ಆರ್‌ಒ ಯಂತ್ರ ಪ್ರತಿ ಲೀಟರಿಗೆ ಎರಡು ಮೂರು ಲೀಟರ್ ಹೊರಚೆಲ್ಲುವುದು ನಿಜವಾದ ಚಿಂತೆ. ಕಾವೇರಿ ಬಂದ ಕಡೆಯಲ್ಲಿ ಆ ಯಂತ್ರದ ಅಗತ್ಯವೇ ಇಲ್ಲ. ಲವಣಾಂಶ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು.

ನೀರು ಎಂದರೆ ನೀರೇ ಆಗಬೇಕೆಂದೂ ಇಲ್ಲ. ಮುದ್ದೆ, ಬಸ್ಸಾರು, ತಿಳಿಸಾರಿನ ಅನ್ನ, ಕೊನೆಗೊಂದು ಲೋಟ ಮಜ್ಜಿಗೆ: ಈ ಊಟದಲ್ಲಿ ನೀರು ತಾನಾಗಿ ಒಳಸೇರುತ್ತದೆ. ಪಫ್ಸ್, ಚಿಪ್ಸ್, ಗೋಬಿ ಮಂಚೂರಿಯಲ್ಲಿ ಹೊಟ್ಟೆ ತುಂಬಿಸಿಕೊಂಡವರಿಗೆ ಉಪ್ಪು ಹೆಚ್ಚು ಸೇರುತ್ತದೆ, ನೀರು ಸೇರುವುದಿಲ್ಲ. ಚಹಾ ಕಾಫಿ ದೇಹವನ್ನು ಒಣಗಿಸುತ್ತವೆ ಎಂಬುದು ಹಳೆಯ ಹೆದರಿಕೆ. ದಿನವೂ ಕಾಫಿ ಕುಡಿಯುವ 50 ಗಂಡಸರಿಗೆ ನಾಲ್ಕು ಕಪ್ ಕಾಫಿ ಕೊಟ್ಟು ನೋಡಿದ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದವರು, ನೀರಿಗೂ ಅದಕ್ಕೂ ಗಣನೀಯ ವ್ಯತ್ಯಾಸವಿಲ್ಲ ಎಂದು 2014ರಲ್ಲಿ ವರದಿ ಮಾಡಿದರು. ರಾಮನವಮಿಗೆ ರಸ್ತೆಬದಿಯಲ್ಲಿ ಪಾನಕ, ನೀರುಮಜ್ಜಿಗೆ ಹಂಚುವ, ಬೇಸಿಗೆಯಲ್ಲಿ ಅರವಟ್ಟಿಗೆ ಇಡುವ ನಾಡು ಇದು. ದಾರಿಹೋಕನ ಬಾಯಾರಿಕೆ ಅವನೊಬ್ಬನ ಪಾಡಲ್ಲ, ಊರಿನ ಹೊಣೆ ಎಂದು ತಿಳಿದಿದ್ದವರು ಅದನ್ನು ಇಡುತ್ತಿದ್ದರು, ಮತ್ತು ಜನ ನಡೆಯುವ ದಾರಿಯಲ್ಲೇ ಇಡುತ್ತಿದ್ದರು. ಕ್ಯಾಂಟೀನುಗಳಲ್ಲಿ ಹತ್ತು ರೂಪಾಯಿಗೆ ಮಜ್ಜಿಗೆ ಸಿಗುವಂತಾದರೆ ಕೆಫೀನ್ ತುಂಬಿದ ಎನರ್ಜಿ ಡ್ರಿಂಕ್‌ಗೆ ಕೈಚಾಚುವವರು ಸ್ವಲ್ಪ ಕಡಿಮೆಯಾದಾರು.

ಬಾಟಲಿ ನೀರಿನ ಮಾರಾಟ ನಿಷೇಧಿಸಿ ವಿದ್ಯಾರ್ಥಿಗಳನ್ನು ನಲ್ಲಿಯತ್ತ ತಿರುಗಿಸಬಹುದೇ? ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯ 2013ರಲ್ಲಿ ಕ್ಯಾಂಪಸ್ಸಿನಲ್ಲಿ ಬಾಟಲಿ ನೀರಿನ ಮಾರಾಟ ನಿಲ್ಲಿಸಿ, ತುಂಬಿಸಿಕೊಳ್ಳುವ ನಲ್ಲಿಗಳನ್ನು ಹೆಚ್ಚಿಸಿತು. ಎರಡು ವರ್ಷದ ಬಳಿಕ ಪ್ರಕಟವಾದ ಅಧ್ಯಯನದಲ್ಲಿ ತಲಾವಾರು ಬಾಟಲಿಗಳ ಸಂಖ್ಯೆ ಕಡಿಮೆಯಾಗುವ ಬದಲು ಹೆಚ್ಚಿತ್ತು, ಸಕ್ಕರೆ ಪಾನೀಯಗಳು ಆ ಜಾಗ ಹಿಡಿದಿದ್ದವು. ನಮ್ಮಲ್ಲೂ ಪ್ಲಾಸ್ಟಿಕ್ ಮುಕ್ತ ಕ್ಯಾಂಪಸ್ ಎಂಬ ಫಲಕ ಹಾಕಿ ನೀರಿನ ಬಾಟಲಿಯನ್ನಷ್ಟೇ ಅಂಗಡಿಯಿಂದ ತೆಗೆಸಿದರೆ ಇದೇ ಗತಿ. ಬದಲಾಗಬೇಕಾದದ್ದು ಸಾಮಾನ್ಯ ಸಂಗತಿಗಳು. ತರಗತಿಗಳ ಬಿಡುವನ್ನು ಒಂದೇ ಹೊತ್ತಿಗೆ ಇಡದೆ ಹತ್ತು ನಿಮಿಷ ಹಿಂದುಮುಂದು ಮಾಡಿದರೆ ಅದೇ ಎರಡು ನಲ್ಲಿ ದುಪ್ಪಟ್ಟು ಜನಕ್ಕೆ ಒದಗುತ್ತವೆ, ಅದೇ ಶೌಚಾಲಯವೂ. ಬಾಟಲಿ ನೆಟ್ಟಗೆ ನಿಲ್ಲುವ ಎತ್ತರದ ನಲ್ಲಿ, ಮೆಟ್ಟಿಲಿನ ಬಳಿ, ಶೌಚಾಲಯದ ಗೋಡೆಯಿಂದ ದೂರ. ಶುಚಿಗೊಳಿಸುವ ಹೆಂಗಸರಿಗೆ ಬೆಳಗಿನ ಒಂದು ಪಾಳಿಯ ಜೊತೆ ಮಧ್ಯಾಹ್ನದ ಪಾಳಿ, ಅದಕ್ಕೆ ತಕ್ಕ ಸಂಬಳ. ಕಾಲೇಜುಗಳನ್ನು ಅಳೆಯುವ ನ್ಯಾಕ್ ತನ್ನ ಏಳನೆಯ ಮಾನದಂಡದಲ್ಲಿ ನೀರಿನ ಸಂರಕ್ಷಣೆಯ ಬಗ್ಗೆ ಕೇಳುತ್ತದೆ: ಮಳೆನೀರು ಸಂಗ್ರಹ, ಕೊಳವೆಬಾವಿ ಮರುಪೂರಣ, ಕಟ್ಟೆ ಕೆರೆ, ಕೊಳಚೆ ನೀರಿನ ಮರುಬಳಕೆ, ವಿತರಣಾ ವ್ಯವಸ್ಥೆಯ ನಿರ್ವಹಣೆ. ಕಾಲೇಜುಗಳು ಅದಕ್ಕೆ ಫೋಟೊ ಸಮೇತ ಉತ್ತರ ಸಿದ್ಧಪಡಿಸುತ್ತವೆ. ಅದರ ಪಕ್ಕದಲ್ಲಿ ಇನ್ನೆರಡು ಸಾಲು ಸೇರಲಿ: ಬಿಡುವಿನ ಹೊತ್ತಿನಲ್ಲಿ ಒಂದು ಅಂತಸ್ತಿನ ಎಷ್ಟು ಮಂದಿ ಬಾಟಲಿ ತುಂಬಿಸಿಕೊಳ್ಳಲು ಸಾಧ್ಯ, ಅದೇ ಹೊತ್ತಿನಲ್ಲಿ ಎಷ್ಟು ವಿದ್ಯಾರ್ಥಿನಿಯರು ಶೌಚಾಲಯ ಬಳಸಲು ಸಾಧ್ಯ. ಎನ್‌ಎಸ್‌ಎಸ್ ಘಟಕದ ನಾಲ್ವರು ಫೋನಿನ ಸ್ಟಾಪ್‌ವಾಚ್ ಹಿಡಿದು ಒಂದು ವಾರ ನಿಂತರೆ ಎರಡಕ್ಕೂ ಉತ್ತರ ಸಿಗುತ್ತದೆ, ಮುಂದಿನ ಸೆಮಿಸ್ಟರಿನ ವೇಳಾಪಟ್ಟಿ ಬರೆಯುವವರ ಮೇಜಿನ ಮೇಲೆ ಅದನ್ನು ಇಡಬಹುದು.